ಹಳೇ ಗ್ರೈಂಡರ್, ಡ್ರಿಲ್ ಮಾರಿ ಪಾರ್ಸೆಲ್ ಕಳಿಸುವವರೇ, ನನ್ನ ಹಾಗೆ ಮಾಡಬೇಡಿ

ಹೋದ ತಿಂಗಳು ಒಬ್ಬರಿಗೆ ನನ್ನ ಹಳೇ ರೋಟರಿ ಹ್ಯಾಮರ್ (ಕಾಂಕ್ರೀಟ್ ಕೊರೆಯುವ ದೊಡ್ಡ ಡ್ರಿಲ್) ಮತ್ತು ಗ್ರೈಂಡರ್ (ಅಡುಗೆಮನೆಯದಲ್ಲ, ಡಿಸ್ಕ್ ಹಾಕಿ ಕಬ್ಬಿಣ ಕತ್ತರಿಸುವ, ಉಜ್ಜುವ ಕೈ ಮೆಷಿನ್) ಮಾರಿದೆ. ಎರಡನ್ನೂ ವರ್ಷಗಟ್ಟಲೆ ನಾನೇ ಬಳಸಿದ್ದೆ. ಮೋಟರಿನಲ್ಲಿ ಸವೆಯುವ ಕಾರ್ಬನ್ ಬ್ರಷ್ ಹೊಸದು ಹಾಕಿಸಿ, ಗ್ರೀಸ್ ತುಂಬಿಸಿ, ಒರೆಸಿ ಇಟ್ಟಿದ್ದೆ. ನನ್ನ ಕೈ ಬಿಡುವಾಗ ಎರಡೂ ಚೆನ್ನಾಗಿ ಓಡುತ್ತಿದ್ದವು. ಅವರ ಕೈ ಸೇರುವಾಗ ಎರಡೂ ಒಡೆದಿದ್ದವು. ತಪ್ಪು ಪೂರ್ತಿ ನನ್ನದೇ, ಪ್ಯಾಕಿಂಗಿನದು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಮಾಡಿದ್ದು ಇಷ್ಟು. ಎರಡಕ್ಕೂ ಒಂದೊಂದು ಸುತ್ತು ಬಬಲ್ ಶೀಟ್ ಸುತ್ತಿದೆ. ಒಂದೇ ರಟ್ಟಿನ ಡಬ್ಬಿಯಲ್ಲಿ ಪಕ್ಕಪಕ್ಕ ಇಟ್ಟೆ. ಸಂದಿಯಲ್ಲಿ ಕೊರೆಯುವ ಬಿಟ್‌ಗಳು, ಸೈಡ್ ಹ್ಯಾಂಡಲ್, ಬಿಟ್ ಬಿಗಿಸುವ ಚಕ್ ಕೀ. ಮೇಲೆ ನಾಲ್ಕು ಹಾಳೆ ಪೇಪರ್ ತುರುಕಿ ಟೇಪ್ ಹಚ್ಚಿದೆ. ಎತ್ತಿದಾಗ ಒಳಗೆ ಗಡಗಡ ಅಂತ ಸ್ವಲ್ಪ ಸದ್ದು ಬಂತು. ಕೇಳಿಸಿತು, ಆದರೂ ಬಿಟ್ಟುಬಿಟ್ಟೆ. ಡಬ್ಬಿ ಮೇಲೆ ‘ಎಚ್ಚರಿಕೆ, ಒಡೆಯುವ ವಸ್ತು’ ಅಂತ ದೊಡ್ಡದಾಗಿ ಬರೆದಿದ್ದೆ, ಸಾಕು ಅಂದುಕೊಂಡೆ.

ಡಬ್ಬಿ ಚಿಕ್ಕದು ಆರಿಸಿದ್ದಕ್ಕೂ ಕಾರಣ ಇತ್ತು. ಎಷ್ಟೋ ಕೊರಿಯರ್‌ಗಳು ತೂಕದ ಜೊತೆ ಡಬ್ಬಿಯ ಗಾತ್ರವನ್ನೂ ಲೆಕ್ಕ ಹಾಕುತ್ತವೆ. ಉದ್ದ, ಅಗಲ, ಎತ್ತರ ಸೆಂಟಿಮೀಟರಿನಲ್ಲಿ ಗುಣಿಸಿ, ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. ಆ ಲೆಕ್ಕ, ನಿಜವಾದ ತೂಕ ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು. 50×40×30ರ ಡಬ್ಬಿ ಅಂದರೆ 12 ಕಿಲೋ, ಒಳಗೆ ಇರುವುದು ಆರೇ ಕಿಲೋ ಆದರೂ. 40×30×20 ಆದರೆ 4.8, ಆಗ ನಿಜವಾದ ತೂಕಕ್ಕಷ್ಟೇ ದುಡ್ಡು. ಹಾಗೆ ನಾಲ್ಕು ಕಾಸು ಉಳಿಸೋಣ ಅಂತ ಹೋಗಿ ಎರಡು ಮೆಷಿನ್ ಕಳೆದೆ.

ಅವರು ಕಳಿಸಿದ ಮೊದಲ ಫೋಟೋದಲ್ಲೇ ಗೊತ್ತಾಯಿತು. ಡಬ್ಬಿಯ ಒಂದು ಮೂಲೆ ಹರಿದು, ಹ್ಯಾಮರಿನ ಮೂತಿ ಹೊರಗೆ ಚಾಚಿಕೊಂಡಿತ್ತು. ಎರಡನೆಯದು ಗ್ರೈಂಡರಿನದು. ಮುಂದಿನ ಅಲ್ಯೂಮಿನಿಯಂ ಗೇರ್ ಹೆಡ್ (ಗೇರ್ ಇರುವ ತಲೆಭಾಗ) ಪ್ಲಾಸ್ಟಿಕ್ ಬಾಡಿಗೆ ಕೂಡುವ ಜಾಗದಲ್ಲಿ ನಾಲ್ಕು ಸ್ಕ್ರೂ ಇರುತ್ತವಲ್ಲ, ಅದರಲ್ಲಿ ಒಂದರ ಬುಡದಿಂದ ಕೂದಲೆಳೆಯಂಥ ಬಿರುಕು ಹೊರಟು ಸ್ವಿಚ್ ತನಕ ಹೋಗಿತ್ತು. ಹ್ಯಾಮರಿನ ವೈರನ್ನು ಹಿಡಿಗೆ ಬಿಗಿಯಾಗಿ ಸುತ್ತಿದ್ದೆ. ಅದು ಬಾಡಿ ಒಳಗೆ ಹೋಗುವ ಬುಡದಲ್ಲೇ ಕಿತ್ತಿತ್ತು. ಪ್ಲಗ್ಗಿನ ಪಿನ್ನುಗಳು ಗ್ರೈಂಡರಿನ ಬಾಡಿಯನ್ನು ಮೊಳೆಯಿಂದ ಗೀಚಿದ ಹಾಗೆ ಗೀಚಿದ್ದವು.

ಗಾಜಿನ ಸಾಮಾನಾದರೆ ನಾವೇ ಹುಷಾರಾಗಿ ಕಟ್ಟುತ್ತೇವೆ. ಮೆಷಿನ್ ಗಟ್ಟಿ, ಅದಕ್ಕೇನಾಗುತ್ತೆ ಅನ್ನುವುದೇ ಮೋಸ. ಮೆಷಿನ್ ಒಡೆಯುವುದು ಅದರ ಭಾರಕ್ಕೇ. ಡಬ್ಬಿ ಕೊರಿಯರಿನವರ ಸಾಗಣೆ ಬೆಲ್ಟಿನಿಂದ ಕೆಳಗೆ ಬಿದ್ದು ಗಕ್ಕನೆ ನಿಂತರೂ ಒಳಗಿನ ಮೂರು ಕಿಲೋ ಕಬ್ಬಿಣ ನಿಲ್ಲುವುದಿಲ್ಲ, ಪಕ್ಕದ್ದಕ್ಕೆ ಹೋಗಿ ಗುದ್ದುತ್ತದೆ. ಬಬಲ್ ಶೀಟಿನ ಗುಳ್ಳೆಗಳು ಮೊದಲ ಏಟಿಗೇ ಒಡೆದು ಬಟ್ಟೆಯಂತಾಗಿರುತ್ತವೆ. ಬೆಲ್ಟಿನ ಮೇಲೆ ಉರುಳುವ ಡಬ್ಬಿಯ ಬರಹವನ್ನು ಯಾರೂ ಓದುವುದಿಲ್ಲ.

ಕೊರಿಯರಿನವರನ್ನು ಪರಿಹಾರ ಕೇಳಿದೆ. ‘ಪ್ಯಾಕಿಂಗ್ ಸಾಲದು’ ಅಂತ ಒಂದೇ ಸಾಲಿನ ಉತ್ತರ ಬಂತು. ಡಬ್ಬಿ ಮುಚ್ಚುವ ಮುಂಚಿನ ಒಂದು ಫೋಟೋ ಕೂಡ ನನ್ನ ಹತ್ತಿರ ಇರಲಿಲ್ಲ. ಅದರ ಮೇಲೆ, ವಿಮೆಯ ಖರ್ಚು ಉಳಿಯಲಿ ಅಂತ ಬೆಲೆಯನ್ನು ಅರ್ಧ ಬರೆಸಿದ್ದೆ. ಅವರು ಒಪ್ಪಿದ್ದರೂ ಅದಕ್ಕಿಂತ ಜಾಸ್ತಿ ಬರುತ್ತಿರಲಿಲ್ಲ. ಕೊಂಡವರಿಗೆ ದುಡ್ಡು ಪೂರ್ತಿ ವಾಪಸ್ ಕೊಟ್ಟೆ. ಆದರೆ ಅವರು ಆ ಮೆಷಿನ್ ನಂಬಿಕೊಂಡು ಕೆಲಸ ಒಪ್ಪಿಕೊಂಡಿದ್ದರು. ಆ ದಿನಗಳನ್ನು ನಾನು ಹೇಗೆ ವಾಪಸ್ ಕೊಡಲಿ?

ಒಡೆದ ಮೆಷಿನ್‌ಗಳನ್ನು ಅವರು ನನಗೆ ತಿರುಗಿ ಕಳಿಸಿದರು. ಆ ಪಾರ್ಸೆಲ್ ಬಿಚ್ಚುತ್ತಾ ನಾನು ಪ್ಯಾಕಿಂಗ್ ಕಲಿತೆ. ಎರಡಕ್ಕೂ ಬೇರೆ ಬೇರೆ ಡಬ್ಬಿ. ಡಿಸ್ಕ್, ಹ್ಯಾಂಡಲ್ ಬಿಚ್ಚಿ ಒಂದೊಂದನ್ನೂ ಬೇರೆ ಸುತ್ತಿದ್ದರು. ವೈರು ಸಡಿಲವಾಗಿ ಸುರುಳಿ ಮಾಡಿ, ಪ್ಲಗ್ಗಿಗೆ ದಪ್ಪ ರಟ್ಟಿನ ಟೋಪಿ. ಮೆಷಿನ್ ಇದ್ದ ಡಬ್ಬಿಯನ್ನು ಇನ್ನೊಂದು ದೊಡ್ಡ ಡಬ್ಬಿಯಲ್ಲಿಟ್ಟು, ಆರೂ ಕಡೆ ನಾಲ್ಕು ಬೆರಳು ದಪ್ಪಕ್ಕೆ ಪೇಪರನ್ನು ಉಂಡೆ ಮಾಡಿ ಒತ್ತೊತ್ತಿ ತುಂಬಿದ್ದರು. ಅಲ್ಲಾಡಿಸಿದರೆ ಕಲ್ಲಿನ ಹಾಗೆ, ಒಂದು ಸದ್ದಿಲ್ಲ. ಒಡೆದ ಸಾಮಾನಿಗೆ ಅಷ್ಟು ಕಾಳಜಿ. ನೋಡಿ ತುಂಬಾ ನಾಚಿಕೆಯಾಯಿತು.

ಮೆಷಿನ್ ಜೊತೆ ಬಂದ ಪ್ಲಾಸ್ಟಿಕ್ ಪೆಟ್ಟಿಗೆ ಇದ್ದರೂ ಅದನ್ನೇ ನೆಚ್ಚಿಕೊಳ್ಳಬೇಡಿ. ಕೈಯಲ್ಲಿ ಹಿಡಿದು ಓಡಾಡಲಿಕ್ಕೆ ಅದು. ಬಿದ್ದರೆ ಚಿಲಕ ತೆರೆದುಕೊಳ್ಳುತ್ತದೆ. ಅದಕ್ಕೂ ಹೊರಗೊಂದು ಡಬ್ಬಿ ಬೇಕೇ ಬೇಕು.

ಬ್ಯಾಟರಿ ಮೆಷಿನ್ ಆದರೆ ವಿಷಯವೇ ಬೇರೆ. ಇನ್ನೊಬ್ಬರಿಗೆ 18 ವೋಲ್ಟಿನ ಡ್ರಿಲ್ಲನ್ನು ಬ್ಯಾಟರಿ ಸಮೇತ, ಏನೂ ಹೇಳದೆ ಕಳಿಸಿದ್ದೆ. ತಪಾಸಣೆಯಲ್ಲಿ ಸಿಕ್ಕಿ ವಾಪಸ್ ಬಂತು. ಬಂದದ್ದೇ ಒಳ್ಳೆಯದಾಯಿತು. ಇಂಥ ಮೆಷಿನ್‌ಗಳ ಲಿಥಿಯಂ-ಅಯಾನ್ ಬ್ಯಾಟರಿ ಸಾಗಣೆಯ ನಿಯಮದಲ್ಲಿ ಅಪಾಯಕಾರಿ ವಸ್ತು, 9ನೇ ವರ್ಗ. ಅಪಾಯಕಾರಿ ವಸ್ತುಗಳಿಗೆ ಕೊಡುವ ಯುಎನ್ ನಂಬರ್, ಬ್ಯಾಟರಿ ಮಾತ್ರ ಆದರೆ ಯುಎನ್ 3480, ಮೆಷಿನ್ ಜೊತೆಗಾದರೆ ಯುಎನ್ 3481. ಬಿಡಿ ಬ್ಯಾಟರಿಯನ್ನು ಪ್ರಯಾಣಿಕರ ವಿಮಾನದ ಸರಕಿನಲ್ಲಿ ಕಳಿಸುವುದನ್ನು 2016ರಲ್ಲೇ ನಿಲ್ಲಿಸಿದ್ದಾರೆ. ಸರಕು ವಿಮಾನದಲ್ಲಾದರೂ ಚಾರ್ಜ್ 30 ಶೇಕಡಕ್ಕಿಂತ ಜಾಸ್ತಿ ಇರಬಾರದು. ವೋಲ್ಟನ್ನು ಆಂಪಿಯರ್-ಅವರ್‌ನಿಂದ ಗುಣಿಸಿ ನೋಡಿ. 18 ವೋಲ್ಟು, 5 ಆಂಪಿಯರ್-ಅವರ್ ಅಂದರೆ 90 ವ್ಯಾಟ್-ಅವರ್. 100 ದಾಟಿದರೆ ನಿಯಮ ಇನ್ನೂ ಬಿಗಿ. ಬುಕ್ ಮಾಡುವಾಗಲೇ ಬ್ಯಾಟರಿ ಇದೆ ಅಂತ ಹೇಳಿ, ರಸ್ತೆಯಲ್ಲಿ ಹೋಗುತ್ತಾ, ವಿಮಾನದಲ್ಲಾ ಕೇಳಿ. ಬ್ಯಾಟರಿ ಬಿಚ್ಚಿ, ಅದರ ಕಾಂಟ್ಯಾಕ್ಟುಗಳ ಮೇಲೆ ಟೇಪ್ ಹಚ್ಚಿ. ಒಂದು ಬಿಡಿ ಬಿಟ್ ಅಡ್ಡ ಬಿದ್ದು ಶಾರ್ಟ್ ಆದರೆ ಬೆಂಕಿ ಹತ್ತಬಹುದು. ಉಬ್ಬಿದ, ಏಟು ತಿಂದ ಬ್ಯಾಟರಿಯನ್ನು ಕಳಿಸುವ ಯೋಚನೆಯೇ ಬೇಡ.

ಈಗ ನಾನು ಮೆಷಿನ್ ಓಡುವುದು, ಸೀರಿಯಲ್ ನಂಬರ್, ಪ್ಯಾಕಿಂಗ್, ತೂಕದ ಮುಳ್ಳು ಎಲ್ಲವನ್ನೂ ಒಂದೇ ವಿಡಿಯೋದಲ್ಲಿ ಹಿಡಿಯುತ್ತೇನೆ. ಪೆಟ್ರೋಲ್ ಮೆಷಿನ್ ಮಾರುವವರು ಟ್ಯಾಂಕ್ ಖಾಲಿ ಮಾಡಿ, ವಾಸನೆ ಕೂಡ ಉಳಿಯದಂತೆ ಒಣಗಿಸಿ, ಆಮೇಲೂ ಕೊರಿಯರಿನವರು ಒಪ್ಪುತ್ತಾರಾ ಅಂತ ಕೇಳಬೇಕು.

ಕೊಳ್ಳುವವರಿಗೂ ಒಂದು ಮಾತು. ಡಬ್ಬಿ ಬಿಚ್ಚುವುದನ್ನು ವಿಡಿಯೋ ಮಾಡಿ. ಹೊರಗೆ ಏಟು ಕಂಡರೆ ಮೆಷಿನನ್ನು ಕರೆಂಟಿಗೆ ಹಾಕಲೇಬೇಡಿ. ಜೊತೆಗೆ ಬಂದ ಹಳೇ ಡಿಸ್ಕ್ ಗ್ರೈಂಡರಿಗೆ ಹಾಕಬೇಡಿ, ನೋಡಲು ಚೆನ್ನಾಗಿದ್ದರೂ ಸರಿ. ಚಿಕ್ಕ ಗ್ರೈಂಡರ್ ನಿಮಿಷಕ್ಕೆ 11,000 ಸುತ್ತಿನ ಹತ್ತಿರ ತಿರುಗುತ್ತದೆ. ದಾರಿಯಲ್ಲಿ ಸಣ್ಣ ಬಿರುಕು ಬಿಟ್ಟ ಡಿಸ್ಕ್ ಆ ವೇಗದಲ್ಲಿ ಸಿಡಿದು ಮುಖಕ್ಕೇ ಬರುತ್ತದೆ. ನಾನು ಕಳಿಸಿದ ಡಬ್ಬಿಯಲ್ಲೂ ಅಂಥದ್ದೊಂದು ಇತ್ತು, ಅವರು ಬೆಳಕಿಗೆ ಹಿಡಿದು ನೋಡಿದ್ದರಿಂದ ಸಿಕ್ಕಿತು.