ತಳಿ ರೋಡಿನ ಪ್ರಾಣಿ ಶೆಲ್ಟರ್: ಭೈರ, ಕೆಂಚಿ ಇಬ್ರನ್ನೂ ನೋಡೋಕಾದ್ರೂ ಹೋಗಿ

ಐದಕ್ಕೆ ಐದು ಸ್ಟಾರ್ ಕೊಡ್ತಿದೀನಿ. ಹೊಸೂರಿಂದ ತಳಿ ಕಡೆ ಹೋಗ್ತಾ ಮೇನ್ ರೋಡ್ ಬಿಟ್ಟು ಮಣ್ಣುದಾರಿ ಹಿಡಿದ್ರೆ ಗುಲಾಬಿ ಪಾಲಿಹೌಸ್‌ಗಳ ಹಿಂದೆ ಸಿಗುತ್ತೆ ಈ ಶೆಲ್ಟರ್. ಮಳೆ ಬಂದ್ರೆ ಕಾರು ಒಳಗಡೆ ಹೋಗಲ್ಲ, ಬೈಕಲ್ಲೇ ಹೋಗಿ. ಕೆಲಸದೋರೆಲ್ಲ ಸುತ್ತಮುತ್ತ ಹಳ್ಳಿಯವ್ರೇ, ಕನ್ನಡ ತೆಲುಗು ತಮಿಳು ಮೂರೂ ಆಡ್ತಾರೆ, ಏನ್ ಕೇಳಿದ್ರೂ ಬೇಜಾರಿಲ್ದೆ ಹೇಳ್ತಾರೆ.

ದನ, ಕತ್ತೆ, ಬೀದಿನಾಯಿ ಎಲ್ಲಾ ಇದಾವೆ, ಎಲ್ಲದನ್ನೂ ಚೆನ್ನಾಗೇ ನೋಡ್ಕೊತಾರೆ. ಆದ್ರೆ ನಾನು ಬರೀಬೇಕು ಅಂದ್ಕೊಂಡಿದ್ದು ಭೈರನ ಬಗ್ಗೆ. ಅವನು ವುಲ್ಫ್‌ಡಾಗು, ಅಂದ್ರೆ ತೋಳ ನಾಯಿ ಎರಡರ ರಕ್ತನೂ ಬೆರೆತಿರೋ ನಾಯಿ. ಬೆಂಗಳೂರಲ್ಲಿ ಯಾರೋ ಆಸೆಪಟ್ಟು ಮರಿ ತಗೊಂಡು, ಬೆಳೆದ್ಮೇಲೆ ಸೋಫಾ ಹರಿದು ಕಾಂಪೌಂಡ್ ಹಾರಿ ರಾತ್ರಿಯೆಲ್ಲ ಊಳಿಡ್ತಾನೆ ಅಂತ ಟೆರೇಸ್ ಮೇಲೆ ಚೈನಲ್ಲಿ ಕಟ್ಟಾಕಿದ್ರಂತೆ. 2024ರ ಮಾರ್ಚಲ್ಲಿ ಸೆಂಟ್ರಲ್ ಗವರ್ಮೆಂಟು 23 ಬ್ರೀಡ್ ಡೇಂಜರ್ ಅಂತ ಒಂದು ಸುತ್ತೋಲೆ ಕಳಿಸ್ತಲ್ಲ, ಆ ಲಿಸ್ಟಲ್ಲಿ ವುಲ್ಫ್‌ಡಾಗೂ ಇತ್ತು, ಏಪ್ರಿಲಲ್ಲಿ ಕರ್ನಾಟಕ ಹೈಕೋರ್ಟು ಆ ಸುತ್ತೋಲೆನ ರದ್ದು ಮಾಡ್ತು, ಆದ್ರೆ ಅಷ್ಟರಲ್ಲೇ ಅವ್ರು ಹೆದರಿ ಇವನನ್ನ ತಂದು ಇಲ್ಲಿ ಬಿಟ್ಟೋಗಿದ್ರು. ಬಂದಾಗ ಕತ್ತಿನ ಸುತ್ತ ಕೂದಲೇ ಇರ್ಲಿಲ್ವಂತೆ, ಚೈನ್ ಉಜ್ಜಿ ಉಜ್ಜಿ ಗಾಯ ಆಗಿತ್ತಂತೆ.

ನೋಡಿದೋರೆಲ್ಲ ಮೊದ್ಲು ಕೇಳೋದು ಇದು ತೋಳಾನಾ ಅಂತ. ಅಲ್ಲ. ನಮ್ಮ ಕಡೆ ಕುರಿ ಕಾಯೋರಿಗೆ ಗೊತ್ತಿರೋ ತೋಳನೇ ಬೇರೆ, ಅದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಶೆಡ್ಯೂಲ್ ಒಂದರಲ್ಲಿರೋ ಪ್ರಾಣಿ, ಮನೇಲಿ ಸಾಕೋ ಹಂಗೇ ಇಲ್ಲ. ಇವನು ನೋಡೋಕೆ ಚೆಕೊಸ್ಲೊವಾಕಿಯನ್ ವುಲ್ಫ್‌ಡಾಗ್ ತರ ಇದಾನೆ, ಆ ಬ್ರೀಡು ಶುರುವಾಗಿದ್ದು 1955ರಲ್ಲಿ, ಜರ್ಮನ್ ಶೆಫರ್ಡನ್ನ ಕಾರ್ಪೇಥಿಯನ್ ತೋಳದ ಜೊತೆ ಕ್ರಾಸ್ ಮಾಡಿ ನೋಡೋಣ ಅಂತ ಮಾಡಿದ ಪ್ರಯೋಗದಿಂದ. ಗಡಿ ಕಾಯೋ ಕೆಲಸಕ್ಕೆ ಅಂತ ತಯಾರಾದ ನಾಯಿನ ಎರಡು ಬೆಡ್‌ರೂಮ್ ಫ್ಲಾಟಲ್ಲಿ ಇಟ್ಟು ಅದು ಸುಮ್ನೆ ಬಿದ್ದಿರ್ಲಿ ಅಂದ್ರೆ ಹೆಂಗೆ ಆಗುತ್ತೆ ಹೇಳಿ.

ಈ ಶೆಲ್ಟರ್‌ನೋರು ಮಾಡಿದ ದೊಡ್ಡ ಕೆಲಸ ಅಂದ್ರೆ ಮದ್ದು ಗಾಯ ಊಟ ಅಷ್ಟಕ್ಕೇ ನಿಲ್ಲಿಸ್ಲಿಲ್ಲ, ಅವನಿಗೆ ಜೊತೆ ಬೇಕು ಅಂತ ಅರ್ಥ ಮಾಡ್ಕೊಂಡ್ರು. ಬಂದ ಹೊಸದರಲ್ಲಿ ಮನುಷ್ಯರು ಎದುರಿಗಿದ್ರೆ ತಟ್ಟೆ ಮುಟ್ತಿರ್ಲಿಲ್ಲ, ಮೂಲೇಲಿ ಗೋಡೆ ಕಡೆ ಮುಖ ಮಾಡ್ಕೊಂಡು ಮಲಗಿರ್ತಿದ್ದ. ಆಗ ಪಕ್ಕದ ಗೂಡಿಗೆ ಕೆಂಚಿನ ತಂದು ಬಿಟ್ರು. ಕೆಂಚಿ ಬೀದಿನಾಯಿ, ವಯಸ್ಸಾಗಿದೆ, ಒಂದು ಕಿವಿ ಹರಿದಿದೆ, ಆಪರೇಷನ್ನೂ ಆಗಿದೆ. ಸೀದಾ ಒಂದೇ ಕಡೆ ಬಿಟ್ಬಿಡ್ಲಿಲ್ಲ. ಮಧ್ಯ ಜಾಲರಿ, ಇವಳು ಮಲಗಿದ ಗೋಣಿಚೀಲ ಅವನ ಕಡೆ, ಅವನದ್ದು ಇವಳ ಕಡೆ, ವಾಸನೆ ಅಭ್ಯಾಸ ಆಗ್ಲಿ ಅಂತ. ಆಮೇಲೆ ಇಬ್ಬರು ಕೆಲಸದೋರು ಒಬ್ಬೊಬ್ಬರು ಒಂದೊಂದು ನಾಯಿನ ಹಿಡ್ಕೊಂಡು ದೂರ ದೂರದಲ್ಲಿ ಒಂದೇ ದಿಕ್ಕಿಗೆ ವಾಕಿಂಗು, ದಿನಾ ಸ್ವಲ್ಪ ಸ್ವಲ್ಪ ಹತ್ರ. ತಿಂಗಳುಗಟ್ಟಲೆ ಇದೇ ಕೆಲಸ ಮಾಡಿದಾರೆ, ಅವಸರ ಪಟ್ಟಿಲ್ಲ, ಅಲ್ಲಿ ನೋಡ್ಕೊಳ್ಳೋ ಅಕ್ಕ ಹೇಳಿದ್ದು ಜಾಲರಿ ಆ ಕಡೆ ಕೆಂಚಿ ತಿನ್ನೋದು ನೋಡಿನೇ ಇವನು ತಿನ್ನೋಕೆ ಶುರು ಮಾಡಿದ್ದು ಅಂತ.

ಈಗ ಇಬ್ರೂ ಒಂದೇ ಅಂಗಳದಲ್ಲಿ. ನಾವು ಹೋದಾಗ ಊಟದ ಟೈಮು, ರಾಗಿ ಮುದ್ದೆ ಕೋಳಿ ಸಾರಲ್ಲಿ ಕಿವುಚಿ ಎರಡು ತಟ್ಟೇಲಿ ಇಟ್ರು. ಭೈರ ಅವಳಿಗಿಂತ ಎರಡು ಪಟ್ಟು ಇದಾನೆ, ಆದ್ರೂ ಕೆಂಚಿ ಎರಡೂ ತಟ್ಟೆ ಮೂಸಿ ಒಂದು ಆರಿಸ್ಕೊಳ್ಳೋ ತನಕ ಕಾಲು ಎತ್ತಿಡ್ಲಿಲ್ಲ. ತಿಂದಾದ್ಮೇಲೆ ಅವಳ ಬಾಯಿ ಸುತ್ತ ನೆಕ್ಕಿ, ಬೆನ್ನಿಗೆ ಬೆನ್ನು ತಾಗಿಸಿ ಮಲಗ್ದ. ನಂಗಂತೂ ಕಣ್ಣು ತುಂಬ್ಕೊಂತು. ಅವನ ಉದುರಿದ ಒಳಗೂದಲು ಬೇಲಿಗೆಲ್ಲ ಹತ್ತಿ ತರ ಸಿಕ್ಕಾಕೊಂಡಿತ್ತು, ಗೊರವಂಕ ಬಂದು ಗೂಡಿಗೆ ಕಿತ್ಕೊಂಡು ಹೋಗ್ತಿತ್ತು.

ಬೇಲಿ ಬಗ್ಗೆ ಹೇಳ್ಲೇಬೇಕು, ಯಾಕಂದ್ರೆ ಇಂಥ ನಾಯಿ ಸಾಕ್ತೀನಿ ಅನ್ನೋರು ಅದನ್ನ ನೋಡ್ಬೇಕು. ಆಳೆತ್ತರಕ್ಕಿಂತ ಜಾಸ್ತಿ, ಮೇಲ್ಗಡೆ ಒಳಕ್ಕೆ ಬಾಗಿಸಿದಾರೆ, ಕೆಳಗಡೆ ನೆಲದೊಳಗೂ ಜಾಲರಿ ಹೂತಿದಾರೆ, ಹಾರೋದೂ ಗೊತ್ತು ತೋಡೋದೂ ಗೊತ್ತು ಇವಕ್ಕೆ. ಎರಡು ಗೇಟು, ಒಂದು ಮುಚ್ಚಿದ್ಮೇಲೇನೇ ಇನ್ನೊಂದು ತೆಗೆಯೋದು. ಇಷ್ಟು ಜಾಗ ಇಷ್ಟು ಖರ್ಚು ಮಾಡೋಕೆ ಆಗದೆ ಇದ್ರೆ ದಯವಿಟ್ಟು ಫೋಟೋ ನೋಡಿ ಮರಿ ಬುಕ್ ಮಾಡ್ಬೇಡಿ.

ಒಳಗೆ ಹೋಗಿ ಭೈರನ್ನ ಮುಟ್ಟೋಕೆ ಬಿಡಲ್ಲ, ಬೇಲಿ ಹತ್ರ ನಿಂತು ಸೆಲ್ಫಿ ತಗೊಳ್ಳೋಕೂ ಬಿಡಲ್ಲ. ಕೆಲವ್ರು ಇದಕ್ಕೇ ಬೈದು ಒಂದು ಸ್ಟಾರ್ ಕೊಟ್ಟಿದಾರೆ, ನಂಗೆ ಅದೇ ಇಷ್ಟ ಆಗಿದ್ದು. ಹೊಸಬ್ರು ಕಂಡ್ರೆ ಅವನಿಗೆ ಈಗಲೂ ಭಯ, ಹತ್ತು ಜನ ಬೇಲಿಗೆ ಮುತ್ಕೊಂಡು ಶಿಳ್ಳೆ ಹೊಡೆದ್ರೆ ಶೆಲ್ಟರ್‌ನೋರು ಇಷ್ಟು ದಿನ ಪಟ್ಟ ಕಷ್ಟ ಎಲ್ಲಾ ನೀರಲ್ಲಿ ಹೋಮ. ಮಕ್ಕಳಿಗೆ ಬೇರೆ ನಾಯಿಗಳಿದಾವೆ, ಆರಾಮಾಗಿ ಆಟ ಆಡ್ಬೋದು.

ಕೊರತೆ ಅಂದ್ರೆ ನೆರಳು ಸಾಲ್ದು. ತಳಿ ತಂಪು ಊರೇ, ಆದ್ರೂ ಏಪ್ರಿಲ್ ಬಿಸಿಲಿಗೆ ಅಷ್ಟು ದಪ್ಪ ಕೂದಲಿರೋ ಪ್ರಾಣಿಗೆ ಇನ್ನೊಂದು ಶೀಟ್ ಮಾಡು, ಕೂತ್ಕೊಳ್ಳೋ ಅಷ್ಟು ನೀರಿನ ತೊಟ್ಟಿ ಬೇಕು, ತೊಟ್ಟಿಗೆ ದುಡ್ಡು ಸೇರಿಸ್ತಿದಾರೆ. ಹೋಗೋರು ಬಿಸ್ಕೆಟ್ ಬ್ರೆಡ್ ತಗೊಂಡೋಗ್ಬೇಡಿ, ರಾಗಿ ಹಿಟ್ಟು, ಹಳೇ ಗೋಣಿಚೀಲ, ಬೆಡ್‌ಶೀಟ್ ಕೊಡಿ. ಮೊದ್ಲೇ ಫೋನ್ ಮಾಡಿ ಟೈಮ್ ಕೇಳ್ಕೊಂಡು ಹೋಗಿ, ಮಧ್ಯಾಹ್ನ ಯಾರನ್ನೂ ಒಳಗೆ ಬಿಡಲ್ಲ.