ದೆಹಲಿಯಲ್ಲಿ ಆಟೋದವರು ‘ಕೋಟೆ ಇವತ್ತು ಬಂದ್’ ಅಂದರೆ ನಂಬಬೇಡಿ

ಕಳೆದ ನವೆಂಬರಿನಲ್ಲಿ ಅಮ್ಮನನ್ನು ದೆಹಲಿಗೆ ಕರೆದುಕೊಂಡು ಹೋಗಿದ್ದೆ. ಅಮ್ಮನಿಗೆ ಮುಖ್ಯವಾಗಿ ನೋಡಬೇಕಿದ್ದದ್ದು ಕೆಂಪುಕೋಟೆ. ಪ್ರತಿ ಆಗಸ್ಟ್ 15ಕ್ಕೆ ಬೆಳಿಗ್ಗೆಯೇ ಸ್ನಾನ ಮುಗಿಸಿ ಟಿವಿ ಮುಂದೆ ಕೂರುವವರು ಅವರು. ಬಾವುಟ ಏರುವ ಆ ಗೋಡೆಯನ್ನು ಒಮ್ಮೆ ಕಣ್ಣಾರೆ ನೋಡಬೇಕು ಅಂತ ಆಸೆ.

ಕರೋಲ್ ಬಾಗ್‌ನಲ್ಲಿ ಉಳಿದಿದ್ದೆವು. ಗುರುವಾರ ಬೆಳಿಗ್ಗೆ ಆಟೋ ಹತ್ತಿದೆವು. ಸ್ವಲ್ಪ ದೂರ ಹೋದ ಮೇಲೆ ಡ್ರೈವರ್ ತಿರುಗಿ, ಯಾರೋ ವಿಐಪಿ ಬಂದಿದ್ದಾರೆ, ಕೋಟೆ ಬಂದ್, ಮಧ್ಯಾಹ್ನ ಮೂರಕ್ಕೆ ತೆಗೀತಾರೆ ಅಂದ. ಸ್ವಾತಂತ್ರ್ಯ ದಿನಕ್ಕೆ ಮುಂಚೆ ಭದ್ರತೆಗೆ ಕೋಟೆ ಮುಚ್ಚುವುದು ನಿಜ. ಇದೂ ಹಾಗೇ ಇರಬಹುದು ಅಂದುಕೊಂಡೆ. ಅಲ್ಲಿವರೆಗೆ ‘ಸರ್ಕಾರಿ ಎಂಪೋರಿಯಂ’ ತೋರಿಸ್ತೀನಿ, ಸುಮ್ನೆ ನೋಡಿ ಬನ್ನಿ ಅಂದ.

ಅದು ಸರ್ಕಾರಿ ಅಂಗಡಿಯಲ್ಲ. ಗಿರಾಕಿ ತಂದವರಿಗೆ ಇಂಥ ಕಡೆ ಕಮಿಷನ್ ಸಿಗುತ್ತದೆ, ಅದು ನಮ್ಮ ಬಿಲ್ಲಿನಲ್ಲೇ ಸೇರಿರುತ್ತದೆ. ಒಳಗೆ ಅಮ್ಮನನ್ನು ‘ಮಾತಾಜಿ’ ಅಂತ ಕರೆದು ಕೂರಿಸಿ ಟೀ ಕೊಟ್ಟರು. ಒಬ್ಬ ತನ್ನ ಬೆರಳಿನ ಉಂಗುರ ತೆಗೆದು, ಅದರೊಳಗೆ ಶಾಲನ್ನು ಸರಕ್ಕನೆ ಎಳೆದು ತೋರಿಸಿದ. ಅಸಲಿ ಪಶ್ಮೀನಾ, ಅಂದರೆ ಮೇಕೆಯ ನವಿರಾದ ಉಣ್ಣೆಯಂತೆ, 8,500 ರೂಪಾಯಿ! ನಾನು ಬೇಡ ಅಂದೆ. ಅಮ್ಮ ಕನ್ನಡದಲ್ಲಿ ಮೆಲ್ಲಗೆ, ‘ಅವರ ಟೀ ಕುಡಿದು ಹಾಗೇ ಎದ್ದು ಹೋಗೋದು ಹೇಗೋ?’ ಅಂದರು. ಆ ದಾಕ್ಷಿಣ್ಯವೇ ಅಂಗಡಿಯವರ ಬಂಡವಾಳ. ಕರ್ಚೀಫಿನಲ್ಲಿ ಸುತ್ತಿಟ್ಟಿದ್ದ ಐನೂರರ ನೋಟುಗಳನ್ನು ಅಮ್ಮ ಒಂದೊಂದೇ ಎಣಿಸಿ ಕೊಟ್ಟರು. ನಾನು ತಡೆಯಬೇಕಿತ್ತು, ತಡೆಯಲಿಲ್ಲ.

ಆಮೇಲೆ ಇನ್ನೂ ಎರಡು ಅಂಗಡಿ. ಕೋಟೆ ತಲುಪುವಷ್ಟರಲ್ಲಿ ಟಿಕೆಟ್ ಕೌಂಟರ್ ಮುಚ್ಚಿತ್ತು. ಬೆಳಿಗ್ಗೆಯಿಂದ ತೆರೆದೇ ಇತ್ತು ಅಂತ ಕಾವಲಿನವರು ಹೇಳಿದರು. ಮರುದಿನ ಬೆಳಿಗ್ಗೆಯೇ ನಮ್ಮ ರೈಲು. ಅಮ್ಮ ಬೇಲಿ ಹಿಡಿದು ಲಾಹೋರಿ ಗೇಟಿನ ಮೇಲಿನ ಬಾವುಟವನ್ನೇ ನೋಡುತ್ತಾ ನಿಂತರು. ‘ಹೊರಗಿಂದಾದ್ರೂ ನೋಡಿದೆನಲ್ಲ’ ಅಂದರು. ನನಗೆ ಮಾತೇ ಹೊರಡಲಿಲ್ಲ.

ಊರಿಗೆ ಬಂದು ಶಾಲಿನ ಒಂದು ಎಳೆ ಕಿತ್ತು ಕಡ್ಡಿ ಗೀರಿ ಹಿಡಿದೆ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರಬೇಕು, ಬೂದಿ ಪುಡಿಯಾಗಬೇಕು. ಇದು ಮುದುಡಿಕೊಂಡು ಕರಗಿ, ಸಾಸಿವೆಯಂಥ ಗಟ್ಟಿ ಕಪ್ಪು ಗುಂಡಾಯಿತು. ಪ್ಲಾಸ್ಟಿಕ್ ವಾಸನೆ. ಉಂಗುರದ ಆಟಕ್ಕೆ ಮರುಳಾಗಬೇಡಿ, ತೆಳ್ಳಗಿರುವ ಯಾವ ಬಟ್ಟೆಯಾದರೂ ಅದರೊಳಗೆ ತೂರುತ್ತದೆ.

ಕೆಂಪುಕೋಟೆಗೆ ವಾರದ ರಜೆ ಸೋಮವಾರ ಮಾತ್ರ. ಬೇರೆ ದಿನ ಯಾರಾದರೂ ಬಂದ್ ಅಂದರೆ, ಪರವಾಗಿಲ್ಲ, ಗೇಟಿಗೇ ಬಿಡಿ ಅನ್ನಿ. ಒಪ್ಪದಿದ್ದರೆ ಅಲ್ಲೇ ಇಳಿದುಬಿಡಿ. ನಿಜವಾದ ಸರ್ಕಾರಿ ಅಂಗಡಿ ಬೇಕಿದ್ದರೆ ಬಾಬಾ ಖರಕ್ ಸಿಂಗ್ ಮಾರ್ಗದಲ್ಲಿ ಬೇರೆ ಬೇರೆ ರಾಜ್ಯಗಳ ಎಂಪೋರಿಯಂಗಳಿವೆ, ನಮ್ಮ ಕರ್ನಾಟಕದ ‘ಕಾವೇರಿ’ಯೂ ಅಲ್ಲೇ ಇದೆ. ಇನ್ನು ಕರೋಲ್ ಬಾಗ್‌ನಿಂದ ಕೋಟೆಗೆ ಆಟೋನೇ ಬೇಡ. ಬ್ಲೂ ಲೈನ್ ಮೆಟ್ರೋ ಹತ್ತಿ ಮಂಡಿ ಹೌಸ್‌ನಲ್ಲಿ ವಯಲೆಟ್ ಲೈನಿಗೆ ಬದಲಾಯಿಸಿ. ಇಳಿಯುವ ಸ್ಟೇಷನ್ನಿನ ಹೆಸರೇ ಲಾಲ್ ಕಿಲಾ.