ಒಪ್ಪಂದ ಜಾರಿಯ ಅಧಿಕಾರ: ಭಾರತದೊಡನೆ ಹೋಲಿಸಲು ಆಸ್ಟ್ರೇಲಿಯಾವೋ ಕೆನಡಾವೋ?

ಸಂಯುಕ್ತ ವ್ಯವಸ್ಥೆಯಲ್ಲಿ ಅಂತರರಾಷ್ಟ್ರೀಯ ಒಪ್ಪಂದಗಳನ್ನು ಜಾರಿಗೆ ತರುವವರು ಯಾರು ಎಂಬುದರ ಮೇಲೆ ಪ್ರಬಂಧ ಬರೆಯಹೊರಟ ಕಾನೂನು ವಿದ್ಯಾರ್ಥಿಗೆ ಹೋಲಿಕೆಗೆಂದು ಮುಖ್ಯವಾಗಿ ಎರಡು ದೇಶಗಳು ಎದುರಾಗುತ್ತವೆ. ನಮ್ಮ ಸಂವಿಧಾನದ 253ನೇ ವಿಧಿಯ ಪ್ರಕಾರ, ವಿಷಯವು ರಾಜ್ಯಪಟ್ಟಿಯಲ್ಲಿದ್ದರೂ (ಅಂದರೆ ಸಾಮಾನ್ಯವಾಗಿ ರಾಜ್ಯಗಳೇ ಕಾನೂನು ಮಾಡುವ ವಿಷಯವಾಗಿದ್ದರೂ) ಒಪ್ಪಂದದ ಜಾರಿಗಾಗಿ ಸಂಸತ್ತು ಕಾನೂನು ಮಾಡಬಹುದು.

ಆಸ್ಟ್ರೇಲಿಯಾ ಇದಕ್ಕೆ ಹತ್ತಿರದಲ್ಲಿದೆ: ಟ್ಯಾಸ್ಮೇನಿಯಾ ರಾಜ್ಯ ಕಟ್ಟಹೊರಟ ಅಣೆಕಟ್ಟನ್ನು ತಡೆಯಲು ವಿಶ್ವ ಪರಂಪರೆ ಒಪ್ಪಂದದ ಬಲದಲ್ಲಿ ಕೇಂದ್ರ ಮಾಡಿದ ಕಾನೂನಿನ ಮುಖ್ಯ ಭಾಗಗಳನ್ನು ಅಲ್ಲಿನ ಅತ್ಯುನ್ನತ ನ್ಯಾಯಾಲಯವಾದ ಹೈಕೋರ್ಟ್ 1983ರಲ್ಲಿ 4–3ರ ಬಹುಮತದಿಂದ ಎತ್ತಿಹಿಡಿಯಿತು. ಕೆನಡಾದ ದಾರಿ ಬೇರೆ. ಸಹಿ ಹಾಕುವುದು ಕೇಂದ್ರವೇ ಆದರೂ, ಪ್ರಾಂತ್ಯದ ವ್ಯಾಪ್ತಿಯ ವಿಷಯಕ್ಕೆ ಪ್ರಾಂತ್ಯದ ಶಾಸನಸಭೆಯೇ ಕಾನೂನು ಮಾಡಬೇಕೆಂದು ಆಗ ಕೆನಡಾದ ಅಂತಿಮ ಮೇಲ್ಮನವಿ ನ್ಯಾಯಾಲಯವಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ 1937ರ ಕಾರ್ಮಿಕ ಒಪ್ಪಂದಗಳ ಪ್ರಕರಣದಲ್ಲಿ ತೀರ್ಪಿತ್ತಿತು.

ನನ್ನ ಸಲಹೆ ಕೆನಡಾ. ಕೃಷಿ ರಾಜ್ಯಪಟ್ಟಿಯ ವಿಷಯವಾಗಿದ್ದರೂ ವಿಶ್ವ ವ್ಯಾಪಾರ ಸಂಸ್ಥೆಯ ಕೃಷಿ ಒಪ್ಪಂದಕ್ಕೆ ರಾಜ್ಯಗಳ ಸಮ್ಮತಿ ಸಾಂವಿಧಾನಿಕವಾಗಿ ಅಗತ್ಯವಿರಲಿಲ್ಲ ಎಂಬ ನಮ್ಮ ವ್ಯವಸ್ಥೆಯ ಗಂಭೀರ ಕೊರತೆಯು ಆ ಹೋಲಿಕೆಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ.